ದೋಣಿಗೆ ಕೂಗದವರು

ಶಾಲೆಯಲ್ಲಿ ಅವರ ನೆನಪಿಗೆ ಒಂದು ನಿಮಿಷ ಮೌನ ಆಚರಿಸೋಣ ಎಂದು ಹೆಡ್‌ಮಿಸ್ ಹೇಳಿದಾಗ ನನಗೆ ಸಿಟ್ಟು ಬಂತು. ಮೌನ ಶುರುವಾಗುವುದಕ್ಕೂ ಮುಗಿಯುವುದಕ್ಕೂ ಸೀಟಿ ಊದಬೇಕಾದವನು ನಾನೇ. ಚಾಮರಾಜಪೇಟೆಯ ಈ ಶಾಲೆಗೆ ನಾನು ಡ್ರಿಲ್ ಮೇಷ್ಟ್ರು. ಊದಿದೆ. ಮಕ್ಕಳು ತಲೆ ತಗ್ಗಿಸಿ ನಿಂತರು. ಗೇಟಿನಾಚೆ ರಸ್ತೆ ಅಗೆಯುವ ಯಂತ್ರ ತನ್ನ ಪಾಡಿಗೆ ತಾನು ನೆಲ ಕುಟ್ಟುತ್ತಿತ್ತು. ಬೇರೆ ಯಾರಿಗೆ ಬೇಕಾದರೂ ಮೌನದ ಗೌರವ ಕೊಡಿ, ಇವರಿಗೆ ಮಾತ್ರ ಬೇಡ, ಇವರಿಗಾಗಿ ಇಷ್ಟೂ ಮಕ್ಕಳು ಒಟ್ಟಿಗೆ ಗಂಟಲು ಹರಿಯುವ ಹಾಗೆ ಕೂಗಬೇಕು ಎಂದು ನನಗನ್ನಿಸುತ್ತಿತ್ತು. ಹಾಗಂತ ಹೇಳಿದ್ದರೆ ಎಲ್ಲರೂ ಈ ಮನುಷ್ಯನಿಗೆ ರಿಟೈರ್ಮೆಂಟಿಗೆ ಮುಂಚೆಯೇ ತಲೆ ಕೆಟ್ಟಿತು ಅಂದುಕೊಳ್ಳುತ್ತಿದ್ದರು. ಹಾಗಾಗಿ ಸುಮ್ಮನಿದ್ದು, ಹೊತ್ತಾದ ಮೇಲೆ ಇನ್ನೊಂದು ಸಲ ಸೀಟಿ ಊದಿದೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕರೆದರೆ ಬೆಚ್ಚಿಬೀಳುತ್ತಿದ್ದವರು ಅವರು. ಮಕ್ಕಳಿಗೆ ಅವರು ಸೋಷಿಯಲ್ ಮಿಸ್. ನಮಗೂ ಹಾಗೇ ಬಾಯಿಗೆ ಬಂದುಬಿಟ್ಟಿತ್ತು.

ನನ್ನ ಗಂಟಲಿನ ವಿಚಾರವನ್ನು ಮೊದಲೇ ಹೇಳಿಬಿಡುವುದು ವಾಸಿ. ನಾನು ಮೈದಾನದಲ್ಲಿ ‘ಸಾವಧಾನ್’ ಅಂದರೆ ಪಕ್ಕದ ರಸ್ತೆಯ ಹೋಟೆಲಿನಲ್ಲಿ ಕಾಫಿ ಕುಡಿಯುವವರೂ ನೆಟ್ಟಗೆ ಕೂರುತ್ತಾರೆ ಎಂದು ಸ್ಟಾಫ್ ರೂಮಿನಲ್ಲಿ ತಮಾಷೆ ಮಾಡುತ್ತಿದ್ದರು. ಮಿಸ್ಸಿನ ತರಗತಿ ಮೈದಾನಕ್ಕೆ ಅಂಟಿಕೊಂಡೇ ಇತ್ತು. ನಾನು ಸೇರಿದ ಹೊಸತರಲ್ಲಿ ಒಂದು ದಿನ ಅವರು ನನ್ನ ಪಕ್ಕದ ಕುರ್ಚಿಗೆ ಬಂದು ಕೂತು, ಗುಟ್ಟು ಹೇಳುವಷ್ಟು ಮೆಲ್ಲಗೆ, “ಮೇಷ್ಟ್ರೇ, ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಆದ್ರೆ ನೀವು ಕೂಗಿದಾಗೆಲ್ಲ ನನ್ನ ಕೈಲಿರೋ ಚಾಕ್‌ಪೀಸ್ ಮುರಿದುಹೋಗತ್ತೆ” ಅಂದರು. ಮಾತಿಗೆ ಹೇಳುತ್ತಾರೆ ಅಂದುಕೊಂಡೆ. ಮಾರನೆಯ ದಿನ ಅವರ ಬೋರ್ಡಿನ ಕೆಳಗಿನ ಕಟ್ಟೆ ನೋಡಿದರೆ ನಿಜವಾಗಿಯೂ ಚೂರುಗಳೇ ತುಂಬಿದ್ದವು. ಅವತ್ತಿನಿಂದ ಅವರ ಪೀರಿಯಡ್ ಇರುವಾಗ ಮಕ್ಕಳನ್ನು ಮೈದಾನದ ಆಚೆ ಮೂಲೆಗೆ ಕರೆದುಕೊಂಡು ಹೋಗುತ್ತಿದ್ದೆ.

ಅವರು ಪಾಠ ಮಾಡುವುದನ್ನು ಕಿಟಕಿಯಿಂದ ಎಷ್ಟೋ ಸಲ ನೋಡಿದ್ದೇನೆ. ಹಿಂದಿನ ಬೆಂಚಿನಲ್ಲಿ ಗುಸುಗುಸು ಶುರುವಾದರೆ ಅರ್ಧ ವಾಕ್ಯಕ್ಕೇ ನಿಲ್ಲಿಸಿಬಿಡುತ್ತಿದ್ದರು. ಬೈಗುಳವಿಲ್ಲ, ಮೇಜು ಕುಟ್ಟುವುದಿಲ್ಲ. ಬಿಟ್ಟ ಅರ್ಧ ವಾಕ್ಯಕ್ಕಾಗಿ ಮಕ್ಕಳು ತಾವೇ ಒಬ್ಬರಿಗೊಬ್ಬರು ಮೊಣಕೈ ತಿವಿದುಕೊಂಡು ಸುಮ್ಮನಾಗುತ್ತಿದ್ದರು. ಆಗ ಅವರು ನಿಲ್ಲಿಸಿದ ಪದದಿಂದಲೇ ಮುಂದುವರಿಸುತ್ತಿದ್ದರು. ನಾನು ಸೀಟಿ, ಬೆತ್ತ, ಗಂಟಲು ಮೂರನ್ನೂ ಉಪಯೋಗಿಸಿ ಮಾಡಲಾಗದ ಕೆಲಸ ಅದು.

ಒಂದು ಸಲ ಅದೇ ತರಗತಿಯ ಹಳೆಯ ತಾರಸಿಯಿಂದ ಸಣ್ಣಗೆ ಸುಣ್ಣದ ಪುಡಿ ಉದುರಲು ಶುರುವಾಯಿತಂತೆ. ಮಿಸ್ ಮೇಲೆ ನೋಡಿದರು. ಬಾಗಿಲ ಹತ್ತಿರ ಹೋಗಿ ನಿಂತು, ಮೊದಲ ಬೆಂಚಿನವರಿಗೆ ಬೆರಳು ತೋರಿಸಿದರು. ಆಮೇಲೆ ಎರಡನೆಯದಕ್ಕೆ. ಮಕ್ಕಳು ಇದೇನೋ ಹೊಸ ಆಟ ಅಂದುಕೊಂಡು ತುಟಿಯ ಮೇಲೆ ಬೆರಳಿಟ್ಟುಕೊಂಡು ಸಾಲಾಗಿ ಹೊರಗೆ ಬಂದರು. ಕೊನೆಯವನು ಹೊಸಿಲು ದಾಟಿದ ಸ್ವಲ್ಪ ಹೊತ್ತಿಗೆ ಗಾರೆಯ ದೊಡ್ಡ ಚಕ್ಕೆ ಬೆಂಚುಗಳ ಮೇಲೆ ಬಿತ್ತು. ನಾನಾಗಿದ್ದರೆ ‘ಓಡ್ರೋ’ ಎಂದು ಅರಚುತ್ತಿದ್ದೆ, ಬಾಗಿಲಲ್ಲಿ ನೂಕುನುಗ್ಗಲಾಗಿ ನಾಲ್ಕು ಕೈಕಾಲು ಮುರಿಯುತ್ತಿತ್ತು. ಇಡೀ ಶಾಲೆ ಅವರನ್ನು ಹೊಗಳಿತು. ಈಗ ಯೋಚಿಸಿದರೆ, ಅಪಾಯ ಬಂದಾಗಲೂ ಸದ್ದು ಮಾಡಬೇಕಾಗಿಲ್ಲ ಎಂಬ ಧೈರ್ಯ ಅವರಿಗೆ ಅವತ್ತೇ ಗಟ್ಟಿಯಾಯಿತೇನೋ ಅನ್ನಿಸುತ್ತದೆ.

ಶಾಲೆಯ ಹೊರಗೂ ಅವರು ಹಾಗೇ ಇದ್ದರು. ಬಸವನಗುಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಸ್ಟಾಪಿನಲ್ಲಿ ಕಂಡಕ್ಟರ್ ಮರೆತು ‘ರೈಟ್’ ಅಂದುಬಿಟ್ಟರೆ ಎಲ್ಲರೂ ‘ಹೋಲ್ಡಾನ್, ಹೋಲ್ಡಾನ್’ ಎಂದು ಬಸ್ಸಿನ ತಗಡು ಬಡಿಯುತ್ತಾರಲ್ಲ, ಇವರು ಬಾಯಿ ಬಿಡುತ್ತಿರಲಿಲ್ಲ. ಬಸ್ಸು ಹೋದಷ್ಟು ದೂರ ಹೋಗಿ, ಮಾರ್ಕೆಟ್ಟಿನಲ್ಲಿ ಇಳಿದು, ಹೂವಿನ ಮೂಟೆಗಳ ನಡುವೆ ದಾರಿ ಮಾಡಿಕೊಂಡು ನಡೆದು ವಾಪಸ್ಸು ಬರುತ್ತಿದ್ದರು. ಪ್ರಾರ್ಥನೆಗೆ ತಡವಾಗಿ ಬಂದು ನಿಂತವರ ಸೀರೆಗೆ ಸೇವಂತಿಗೆಯ ಎಸಳು ಅಂಟಿದ್ದರೆ ಇವತ್ತೂ ಮಿಸ್ ಹೋಲ್ಡಾನ್ ಅನ್ನಲಿಲ್ಲ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು.

ನನ್ನ ಹೆಂಡತಿಯ ತವರುಮನೆ ಅವರ ಮನೆಯ ಎದುರಿಗೇ. ಅವಳು ಹೇಳುವ ಕಥೆ ಇನ್ನೂ ಚೆನ್ನಾಗಿದೆ. ಬೆಳಿಗ್ಗೆ ಸೊಪ್ಪಿನವಳು ಕೂಗುತ್ತಾ ಮನೆ ದಾಟಿ ಹೋಗಿರುತ್ತಿದ್ದಳು. ಮಿಸ್ ಬಾಗಿಲು ತೆಗೆದು ಬಂದು, ಕರೆಯದೆ, ಕೈಯಲ್ಲಿ ಬುಟ್ಟಿ ಹಿಡಿದು ಅವಳ ಹಿಂದೆ ಹಿಂದೆಯೇ ನಡೆಯುತ್ತಿದ್ದರು. ಅವಳು ತಿರುಗಿ ನೋಡುವವರೆಗೂ ನಡೆಯುತ್ತಿದ್ದರು. ಎಷ್ಟೋ ಸಲ ಗಾಂಧಿ ಬಜಾರಿನ ತಿರುವಿನಲ್ಲಿ ಅವಳು ಬುಟ್ಟಿ ಇಳಿಸಿ ತಿರುಗಿದರೆ ಮಿಸ್ ನಿಂತಿರುತ್ತಿದ್ದರಂತೆ. “ಅಯ್ಯೋ ಅಮ್ಮಾ, ಒಂದ್ಮಾತು ಕರೀಬಾರ್ದಾ? ಹಿಂಗೆ ದೆವ್ವದ ತರ ಬಂದ್ರೆ ಎದೆ ಒಡೆದೋಗತ್ತೆ” ಎಂದು ಸೊಪ್ಪಿನವಳು ಗದರಿದರೆ, ಮಿಸ್ ನಗುತ್ತಾ ದಂಟಿನ ಸೊಪ್ಪು ಆರಿಸುತ್ತಿದ್ದರು.

ಯಾಕೆ ಹೀಗೆ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಹುಟ್ಟಿ ಬೆಳೆದದ್ದು ನಗರ್ತಪೇಟೆಯಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ. “ನಮ್ಮನೇಲಿ ಯಾರೂ ಮಾತಾಡ್ತಿರಲಿಲ್ಲ ಮೇಷ್ಟ್ರೇ, ಕೂಗ್ತಿದ್ರು. ನಮ್ಮಪ್ಪ ಕೆಳಗಡೆ ಅಂಗಡಿಯಿಂದ ‘ಏಯ್’ ಅಂದ್ರೆ ನಮ್ಮಮ್ಮ ಕೈಲಿದ್ದದ್ದು ಕೆಳಗೆ ಹಾಕ್ಬಿಟ್ಟು ಮೆಟ್ಟಿಲು ಇಳಿದು ಓಡೋರು. ನಮ್ಮಮ್ಮಂಗೆ ಒಂದು ಹೆಸರಿದೆ ಅಂತ ನನಗೆ ಗೊತ್ತಾಗಿದ್ದೇ ಸ್ಕೂಲಿಗೆ ಸೇರಿಸೋವಾಗ. ಅವತ್ತೇ ಅಂದ್ಕೊಂಡೆ, ನಾನು ಈ ಜನ್ಮದಲ್ಲಿ ಯಾರನ್ನೂ ಕೂಗಿ ಕರೆಯಲ್ಲ.” ಇಷ್ಟು ಹೇಳಿ ಅವರು ಮಕ್ಕಳ ನೋಟ್ಸ್ ಪುಸ್ತಕ ತಿದ್ದಲು ಕೂತರು.

ಇಂಥವರನ್ನು ಬಸವನಗುಡಿ ಕೊನೆಯ ಹತ್ತು ಹದಿನೈದು ವರ್ಷ ಚೆನ್ನಾಗಿಯೇ ಗೋಳು ಹೊಯ್ದುಕೊಂಡಿತು. ಮದುವೆಯಾಗಿರಲಿಲ್ಲ, ತಾಯಿ ತೀರಿಕೊಂಡ ಮೇಲೆ ಆ ಬಾಡಿಗೆ ಮನೆಯಲ್ಲಿ ಒಬ್ಬರೇ. ಅಕ್ಕಪಕ್ಕದ ಹೆಂಚಿನ ಮನೆಗಳು ಒಂದೊಂದಾಗಿ ಬಿದ್ದು ಅಪಾರ್ಟ್‌ಮೆಂಟ್ ಎದ್ದವು. ಬೋರ್‌ವೆಲ್ ಲಾರಿ, ಟೈಲ್ಸ್ ಕೊಯ್ಯುವ ಮೆಷಿನ್ನು, ರಸ್ತೆ ಅಗೆತ. ಅವರು ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡತೊಡಗಿದರು. ಕಡಲೆಕಾಯಿ ಪರಿಷೆಯ ದಿನಗಳಲ್ಲಂತೂ ಪೀಪಿಗಳ ಹಾವಳಿಗೆ ಹೆದರಿ ಹನುಮಂತನಗರದ ನಮ್ಮ ಮನೆಗೆ ಬಂದು ಉಳಿಯುತ್ತಿದ್ದರು. ನನ್ನ ಹೆಂಡತಿ, “ಪೀಪಿಗೆ ಹೆದರಿ ಇವರ ಮನೆಗೆ ಬರ್ತೀರಲ್ಲ ಮಿಸ್, ನಿಮ್ಮ ಧೈರ್ಯ ಮೆಚ್ಬೇಕು” ಅನ್ನುತ್ತಿದ್ದಳು.

ರಿಟೈರ್ ಆದ ಮೇಲೆ ಹಳೆಯ ವಿದ್ಯಾರ್ಥಿನಿಯೊಬ್ಬಳ ಮದುವೆಗೆ ಕುಂದಾಪುರದ ಕಡೆ ಹೋದರು. ಹೋಗಿ ಬಂದವರು ಬೇರೆ ಮನುಷ್ಯರೇ ಆಗಿದ್ದರು. ಅಲ್ಲಿ ನದಿ ಸಮುದ್ರ ಸೇರುವ ಮುಂಚೆ ಅಗಲವಾಗಿ ಹರಡಿಕೊಂಡು, ನಡುವೆ ಸಣ್ಣ ಸಣ್ಣ ನಡುಗಡ್ಡೆಗಳಿವೆ. ಕುದ್ರು ಅನ್ನುತ್ತಾರೆ. ಆ ಹುಡುಗಿಯ ತಾಯಿಯ ಕಡೆಯವರದ್ದು ಅಂಥ ಒಂದು ಕುದ್ರುವಿನಲ್ಲಿ ಖಾಲಿ ಮನೆ. ಸೇತುವೆ ಇಲ್ಲ, ರಸ್ತೆ ಇಲ್ಲ, ವಾಹನ ಇಲ್ಲ. ದೋಣಿಯಲ್ಲೇ ಹೋಗಬೇಕು, ದೋಣಿಯಲ್ಲೇ ಬರಬೇಕು.

“ಮೇಷ್ಟ್ರೇ, ಅಲ್ಲಿ ತೆಂಗಿನಮರದಿಂದ ಗರಿ ಬಿದ್ದರೆ ಅದೇ ಆ ದಿನದ ದೊಡ್ಡ ಸದ್ದು” ಅಂದರು. ನಮ್ಮ ಮನೆಯ ಹಾಲಿನಲ್ಲಿ ಕೂತು ಅವರು ಆ ಜಾಗವನ್ನು ವರ್ಣಿಸಿದ ಸಂಜೆ ನನಗಿನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ನೀರು ಇಳಿದು ಕೆಸರಿನ ಮೇಲೆ ಬೆಳ್ಳಕ್ಕಿಗಳು ನಡೆಯುವುದು, ಮಧ್ಯಾಹ್ನ ಉಬ್ಬರ ಬಂದು ಮೆಟ್ಟಿಲು ಮುಳುಗುವುದು, ಮೀನು ಹಾರಿದರೆ ಕೇಳುವುದು. ಯಾವತ್ತೂ ಒಂದು ಮಾತಿಗೆ ಒಂದೇ ಮಾತು ಆಡುವ ಹೆಂಗಸು ಅವತ್ತು ಕಾಫಿ ಆರಿಹೋಗುವಷ್ಟು ಹೊತ್ತು ಮಾತಾಡಿದರು. ಕೇಳುತ್ತಾ ಕೇಳುತ್ತಾ ನನಗೂ ಆಸೆ ಹುಟ್ಟಿತು. ಯಾರಿಗೆ ಹುಟ್ಟುವುದಿಲ್ಲ? ಹೊರಗೆ ಪಕ್ಕದ ಮನೆಯವನು ಸ್ಕೂಟರಿನ ಹಾರ್ನ್ ಒತ್ತಿ ಹಿಡಿದಿದ್ದ. ಮಳೆಗಾಲಕ್ಕೆ ಮುಂಚೆಯೇ ಮಿಸ್ ಮನೆ ಖಾಲಿ ಮಾಡಿ, ಸಾಮಾನು ಹಂಚಿ, ಹೋಗಿಯೇಬಿಟ್ಟರು.

ಮೊದಲ ಮಳೆಗಾಲ ಹೇಗೋ ಕಳೆಯಿತು. ಮುಂದಿನ ಸಂಕ್ರಾಂತಿ ರಜೆಗೆ ನಾನು ನೋಡಲು ಹೋದೆ. ದಡದಲ್ಲಿ ನಾಲ್ಕು ಕಂಬಕ್ಕೆ ಸೋಗೆ ಹೊದಿಸಿದ ಒಂದು ಮಾಡು, ಅದರ ಕೆಳಗೆ ದೋಣಿಯವರು ಬಲೆ ಹೆಣೆಯುತ್ತಾ ಕೂತಿದ್ದರು. ಐವತ್ತು ದಾಟಿದ ಮನುಷ್ಯ. ಎದುರಿಗೆ ಕುದ್ರು ಕಾಣುತ್ತಿತ್ತು, ಹಸಿರು ಗೆರೆಯ ಹಾಗೆ. ನನ್ನನ್ನು ಹತ್ತಿಸಿಕೊಂಡು ಹುಟ್ಟು ಹಾಕುತ್ತಾ ಅವರು, “ನೀವು ಅಮ್ಮನ ಕಡೆಯವರಾ? ಒಳ್ಳೇದಾಯ್ತು ಮಾರ್ರೆ. ಅವರಿಗೆ ಸ್ವಲ್ಪ ಕೂಗ್ಲಿಕ್ಕೆ ಹೇಳಿ” ಅಂದರು.

ನನಗೆ ನಗು ಬಂತು. ಅವರು ನಗಲಿಲ್ಲ.

ಅಲ್ಲಿಯ ಪದ್ಧತಿ ಏನೆಂದರೆ, ಕುದ್ರುವಿನಿಂದ ದಾಟಬೇಕಾದವರು ನೀರಿನ ಅಂಚಿಗೆ ಬಂದು ದೋಣಿಗೆ ಕೂಗು ಹಾಕಬೇಕು. ‘ಓ... ದೋಣೀ...’ ಎಂದು ಉದ್ದಕ್ಕೆ ಎಳೆದು ಕೂಗಿದರೆ ಆಚೆ ದಡದವರು ‘ಬಂದೇ’ ಎಂದು ಉತ್ತರ ಕೊಟ್ಟು ಹೊರಡುತ್ತಾರೆ. ಕೂಗಿನಲ್ಲೇ ಯಾರ ಮನೆಯವರು, ಅವಸರವೋ ಅಲ್ಲವೋ ಎಂದು ತಿಳಿಯುತ್ತದಂತೆ. ಹುಟ್ಟಿದ ಮಕ್ಕಳು ಅಮ್ಮ ಅಂದ ಮೇಲೆ ಕಲಿಯುವ ಎರಡನೆಯ ಮಾತೇ ಅದು ಎಂದರು ದೋಣಿಯವರು. ನಮ್ಮ ಮಿಸ್ ಕೂಗುತ್ತಿರಲಿಲ್ಲ. ಅದಕ್ಕೆ ಬದಲಾಗಿ ಒಂದು ಉಪಾಯ ಮಾಡಿದ್ದರು. ದೋಣಿ ಕಟ್ಟುವ ಕಲ್ಲಿನ ಪಕ್ಕದಲ್ಲಿ ಬಿದಿರು ನೆಟ್ಟು, ದಾಟಬೇಕಾದಾಗ ಅದಕ್ಕೊಂದು ಕೆಂಪು ಸೀರೆ ಕಟ್ಟುತ್ತಿದ್ದರು.

“ಬೇಸಗೆಯಲ್ಲಿ ಸರಿ. ನನಗೆ ಕಾಣ್ತದೆ, ಬರ್ತೆ. ಮಳೆಗೆ ಈ ದಡದಿಂದ ಆ ದಡವೇ ಕಾಣುದಿಲ್ಲ. ನೀರಿನ ಮೇಲೆ ಕೂಗು ಹೋಗ್ತದೆ ಸರ್, ಬಟ್ಟೆ ಹೋಗುದಿಲ್ಲ.”

“ಹೋದ ಮಳೆಗಾಲ ಏನು ಮಾಡಿದ್ರು?”

“ಪಕ್ಕದ ಮನೆ ಅಜ್ಜಿ ಇದ್ರಲ್ಲ. ಅವರೇ ಇಬ್ಬರ ಪರವಾಗಿ ಕೂಗ್ತಿದ್ರು. ಅವರದ್ದು ಶಂಖದ ಹಾಗಿನ ಗಂಟಲು.”

ಮಿಸ್ ಇಳಿಯುವ ಕಡೆಗೇ ಬಂದು ನಿಂತಿದ್ದರು. ಮೈ ತುಂಬಿಕೊಂಡು, ಬಣ್ಣ ಬಂದು, ಹತ್ತು ವರ್ಷ ಚಿಕ್ಕವರಾಗಿದ್ದರು. ಕಿವಿಯಲ್ಲಿ ಹತ್ತಿ ಇರಲಿಲ್ಲ. ಅಂಗಳದಲ್ಲಿ ಕೂರಿಸಿ ಗಂಜಿ, ಉಪ್ಪಿನಕಾಯಿ ಬಡಿಸಿದರು. ಊಟ ಮಾಡುತ್ತಿದ್ದ ಹಾಗೆ ಏನೋ ಕಡಿಮೆಯಾದ ಹಾಗೆ ಅನ್ನಿಸಿತು. ಆಮೇಲೆ ಗೊತ್ತಾಯಿತು, ಹುಟ್ಟಿದಾಗಿನಿಂದ ನನ್ನ ಕಿವಿಯ ಹಿಂದೆ ಗುಂಯ್ ಎನ್ನುತ್ತಿದ್ದ ಊರು ನಿಂತುಹೋಗಿತ್ತು. ಆ ಸುಖವನ್ನು ಹೇಳಲು ನನಗೆ ಬರುವುದಿಲ್ಲ. ನಾನು ಕೂಡ ಮೆಲ್ಲಗೆ ಮಾತಾಡತೊಡಗಿದ್ದೆ. ಮಿಸ್ ನನ್ನ ಮುಖ ನೋಡಿ, “ಹೇಳಿರಲಿಲ್ವಾ?” ಅಂದರು.

ಆದರೆ ಊಟವಾದ ಮೇಲೆ ಕುದ್ರು ಸುತ್ತಲು ಹೊರಟಾಗ ನನಗೆ ಸರಿಬರಲಿಲ್ಲ. ಒಂದಾದ ಮೇಲೊಂದು ಮನೆ, ಎಲ್ಲಕ್ಕೂ ಬೀಗ. ಕೆಲವಕ್ಕೆ ಬೀಗವೂ ಇಲ್ಲ, ಒಳಗೆ ಮರ ಬೆಳೆದಿತ್ತು. ಬಾವಿಗಳಿಗೆ ಉಪ್ಪುನೀರು ಬಂದಿದೆ ಎಂದು ಒಂದೊಂದೇ ಸಂಸಾರ ಆಚೆ ದಡ ಸೇರಿತ್ತು. ಕೆಳಗಿನ ತುದಿಯಲ್ಲಿ ನದಿ ದಂಡೆಯನ್ನು ಕೊರೆದು, ತೆಂಗಿನಮರಗಳು ಬುಡ ಬಿಟ್ಟುಕೊಂಡು ನೀರಿಗೆ ಬಾಗಿದ್ದವು. ಫೋನ್ ಸಿಗುವುದು ಮೇಲಿನ ತುದಿಯ ಒಂದು ಬಂಡೆಯ ಮೇಲೆ ಹತ್ತಿ ನಿಂತರೆ ಮಾತ್ರ. ಮಳೆಗಾಲದಲ್ಲಿ ಕರೆಂಟು ಹೋದರೆ ಅದೂ ಇಲ್ಲ. ಹಾಗೆ ನಡೆಯುವಾಗ ನನಗೆ ಹೊಳೆಯಿತು: ಈ ಜಾಗ ಸುಮ್ಮನಿರುವುದು ಶಾಂತಿಯಿಂದಲ್ಲ, ಇಲ್ಲಿದ್ದವರೆಲ್ಲ ಎದ್ದು ಹೋಗಿದ್ದಾರೆ.

ಪಕ್ಕದ ಮನೆಯ ಅಜ್ಜಿ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದರು. ಅವರೂ ಹೊರಡುವವರೇ. “ಈ ಸಲ ಮಳೆಗೆ ಮುಂಚೆಯೇ ಮಗಳ ಮನೆಗೆ ಹೋಗ್ತೆ, ಮಳೆ ಮುಗಿಯೂವರೆಗೆ ಬರುದಿಲ್ಲ. ಇವರನ್ನೂ ಬನ್ನಿ ಅಂದೆ. ಕೇಳುದಿಲ್ಲ. ನೀವು ಕರ್ಕೊಂಡು ಹೋಗಿ” ಅಂದರು ನನಗೆ.

ಹೇಳಿ ನೋಡಿದೆ. ಮಳೆಗಾಲಕ್ಕಾದರೂ ನಮ್ಮ ಮನೆಗೆ ಬಂದಿರಿ, ಎದುರು ರೂಮು ಖಾಲಿ ಇದೆ, ನಾನು ಗುಸುಗುಸು ಅಂತಲೇ ಮಾತಾಡುತ್ತೇನೆ ಎಂದೆಲ್ಲ ಅಂದೆ. ಅವರು ಒಂದು ಸಲ ಇಲ್ಲ ಅಂದರು, ಅಷ್ಟೇ. ಅವರ ಇಲ್ಲ ಎಂಬುದು ಮೆತ್ತಗಿದ್ದರೂ ಅದನ್ನು ಅಲ್ಲಾಡಿಸಿದವರನ್ನು ನಾನು ನೋಡಿಲ್ಲ. ಹೊರಡುವಾಗ ದೋಣಿಯವರಿಗೆ ನನ್ನ ನಂಬರು ಕೊಟ್ಟೆ. ಅವರು ಅದನ್ನು ಫೋನಿಗೆ ಹಾಕಿಕೊಂಡು, “ಕೂಗ್ಲಿಕ್ಕೆ ಹೇಳಿದ್ರಾ?” ಎಂದು ಮತ್ತೆ ಕೇಳಿದರು.

ಮೇ ತಿಂಗಳಲ್ಲಿ ಮಿಸ್ ಕಣ್ಣಿನ ಪರೀಕ್ಷೆಗೆ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದರು. ಇದೇ ಸಮಯ ಅಂದುಕೊಂಡು ಒಂದು ಬೆಳಿಗ್ಗೆ ಅವರನ್ನು ವಾಕಿಂಗ್ ನೆಪದಲ್ಲಿ ಕಹಳೆ ಬಂಡೆಗೆ ಕರೆದುಕೊಂಡು ಹೋದೆ. ಅಲ್ಲಿ ಹಿಂದೆ ಕಾವಲಿನವರು ಬಂಡೆ ಹತ್ತಿ ನಿಂತು, ಅಪಾಯ ಬಂದರೆ ಕಹಳೆ ಊದಿ ಊರಿಗೆ ತಿಳಿಸುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದೇ ಅವರು, ಪ್ರತಿ ವರ್ಷ ಐದನೇ ಕ್ಲಾಸಿನ ಮಕ್ಕಳನ್ನು ಕರೆತಂದು ತೋರಿಸುತ್ತಿದ್ದವರೂ ಅವರೇ. “ಮಿಸ್, ಇವತ್ತು ನಿಮಗೆ ಡ್ರಿಲ್ ಕ್ಲಾಸು” ಅಂದೆ. ಪಕ್ಕದಲ್ಲಿ ನಗೆಕೂಟದ ಹಿರಿಯರು ಕೈ ಮೇಲೆತ್ತಿ ಹಾ ಹಾ ಹಾ ಎಂದು ನಗುತ್ತಿದ್ದರು. ಅವರ ಸದ್ದಿನಲ್ಲಿ ಇವರ ಕೂಗು ಯಾರಿಗೂ ಕೇಳುವುದಿಲ್ಲ, ನಾಚಿಕೆ ಬೇಡ ಎಂದು ಧೈರ್ಯ ಹೇಳಿದೆ.

“ಹೊಟ್ಟೆಯಿಂದ ಉಸಿರು ತಗೊಳ್ಳಿ. ‘ಓ’ ಅನ್ನಿ. ಬರೀ ‘ಓ’.”

ಅವರು ಬಂಡೆಯ ಮೇಲೆ ಕೈಜೋಡಿಸಿ ನಿಂತರು. ಪ್ರಾಮಾಣಿಕವಾಗಿ ಪ್ರಯತ್ನಪಟ್ಟರು, ಅದನ್ನು ಹೇಳಲೇಬೇಕು. ಉಸಿರು ತೆಗೆದುಕೊಂಡರು, ಕತ್ತಿನ ನರ ಉಬ್ಬಿತು, ಬಾಯಿ ತೆರೆಯಿತು. ಸದ್ದು ಬರಲಿಲ್ಲ. ಇನ್ನೊಂದು ಸಲ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಸಣ್ಣ ಕೆಮ್ಮು ಬಂತು. ನಗೆಕೂಟದ ಒಬ್ಬರು, “ಬನ್ನಿ ಮೇಡಂ, ನಮ್ಜೊತೆ ಸೇರ್ಕೊಳಿ, ನಗೋದು ಸುಲಭ” ಎಂದು ಕರೆದರು. ಮರದಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ ಬಾವಲಿಗಳು ಆ ನಗೆಗೆ ರೆಕ್ಕೆ ಅಲ್ಲಾಡಿಸುತ್ತಿದ್ದವು. ಮಿಸ್ ಹಾಗೇ ಬಂಡೆಯ ಮೇಲೆ ಕೂತುಬಿಟ್ಟರು.

“ಆಗಲ್ಲ ಮೇಷ್ಟ್ರೇ. ಬಾಯಿ ತೆಗೆದರೆ ನಮ್ಮಪ್ಪನ ದನಿ ಬಂದುಬಿಡತ್ತೆ ಅಂತ ಭಯ.”

“ಬಂದ್ರೆ ಬರ್ಲಿ ಬಿಡಿ ಮಿಸ್! ಯಾರ ದನಿಯಾದ್ರೇನು? ಜೀವ ಉಳಿದ್ರೆ ಸಾಕಲ್ವಾ?” ನನ್ನ ದನಿ ಏರಿಬಿಟ್ಟಿತ್ತು. ನಗೆಕೂಟದವರು ನಗುವುದನ್ನು ನಿಲ್ಲಿಸಿ ಇತ್ತ ನೋಡಿದರು.

ಮಿಸ್ ಕಣ್ಣು ಮುಚ್ಚಿ ನಾನು ಮುಗಿಸುವವರೆಗೂ ಕಾದರು, ತರಗತಿಯಲ್ಲಿ ಕಾಯುತ್ತಿದ್ದ ಹಾಗೆಯೇ. ಆಮೇಲೆ, “ಕೆಂಪು ಸೀರೆ ಇದೆಯಲ್ಲ. ಅವರು ನೋಡ್ತಾರೆ” ಅಂದರು. ವಾಪಸ್ಸು ಬರುವಾಗ ಗಾಂಧಿ ಬಜಾರಿನಲ್ಲಿ ಮಲ್ಲಿಗೆ ಕೊಂಡು ನನ್ನ ಹೆಂಡತಿಗೆ ತಂದುಕೊಟ್ಟರು. ಎರಡು ದಿನ ಬಿಟ್ಟು ಹೋದರು. ಬಸ್ಸು ಹತ್ತಿಸಿ ಬಂದ ಮೇಲೆ ನನ್ನ ಹೆಂಡತಿ, “ಯಾಕೋ ನನಗೆ ಸರಿ ಅನ್ನಿಸ್ತಿಲ್ಲ ರೀ, ನೀವು ಇನ್ನೊಂದು ಸಲ ಹೇಳ್ಬೇಕಿತ್ತು” ಅಂದಳು. ಇನ್ನೊಂದು ಸಲ ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಆ ಸಲ ಆಷಾಢದ ಗಾಳಿ ಬೆಂಗಳೂರಿನಲ್ಲೇ ಬಾಗಿಲು ಬಡಿಯುತ್ತಿತ್ತು. ಟಿವಿಯಲ್ಲಿ ಕರಾವಳಿಯ ಮಳೆ ತೋರಿಸಿದಾಗಲೆಲ್ಲ ನಾನು ಮಿಸ್ಸಿಗೆ ಫೋನ್ ಮಾಡುತ್ತಿದ್ದೆ. ಸಿಗುತ್ತಿರಲಿಲ್ಲ. ದೋಣಿಯವರ ಫೋನೂ ಸ್ವಿಚ್ ಆಫ್. ಒಂದು ಮಧ್ಯಾಹ್ನ ನಾನು ಮಕ್ಕಳಿಗೆ ಖೋಖೋ ಆಡಿಸುತ್ತಿದ್ದಾಗ ದೋಣಿಯವರ ನಂಬರಿನಿಂದ ಕರೆ ಬಂತು. ಸೀಟಿಯನ್ನು ಬಾಯಿಂದ ತೆಗೆದೆ. ಆ ಕಡೆಯಿಂದ ಅವರು, “ಸರ್, ಅಮ್ಮ...” ಅಂದರು. ಆಗಲೇ ನನಗೆ ತಿಳಿಯಿತು.

ನಾನೂ ನನ್ನ ಹೆಂಡತಿಯೂ ತಲುಪುವಷ್ಟರಲ್ಲಿ ಆ ಹಳೆಯ ವಿದ್ಯಾರ್ಥಿನಿ ಆಸ್ಪತ್ರೆಯಲ್ಲಿ ಎಲ್ಲ ವ್ಯವಸ್ಥೆ ಮಾಡಿದ್ದಳು. ಎದೆನೋವಿರಬೇಕು, ಬೆಳಿಗ್ಗೆಯೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರಂತೆ ಡಾಕ್ಟರು. ಸಂಸ್ಕಾರ ಮುಗಿಯಿತು. ಮಾರನೆಯ ದಿನ ಮನೆಯ ಸಾಮಾನು ನೋಡಿ ಬರಲು ನಾನೊಬ್ಬನೇ ಕುದ್ರುವಿಗೆ ಹೊರಟೆ. ಮಳೆ ನಿಂತಿತ್ತು. ನದಿ ಕೆಂಪಗೆ, ಅಗಲವಾಗಿ, ಸದ್ದಿಲ್ಲದೆ ಹರಿಯುತ್ತಿತ್ತು. ದೋಣಿಯವರು ಹುಟ್ಟು ಹಾಕುತ್ತಾ ನನ್ನ ಮುಖ ನೋಡದೆ ಹೇಳಿದರು.

“ವಾರದಿಂದ ಕರೆಂಟಿಲ್ಲ ಸರ್. ಅವರ ಫೋನೂ ಸತ್ತಿತ್ತು, ನಮ್ಮದೂ. ಅವತ್ತು ಮಳೆ ಬಿಟ್ಟು ಬಿಟ್ಟು ಬರ್ತಿತ್ತು. ನಾನು ಇಡೀ ದಿನ ಆ ಮಾಡಿನ ಕೆಳಗೇ ಇದ್ದೆ. ಬಲೆ ಸರಿ ಮಾಡ್ತಾ ಇದ್ದೆ. ಎಲ್ಲಿಗೂ ಹೋಗ್ಲಿಲ್ಲ. ಸಂಜೆ ಮನಸ್ಸಿಗೆ ಎಂತದೋ ಆಗಿ, ಒಮ್ಮೆ ನೋಡಿ ಬರುವಾ ಅಂತ ಹೋದೆ.”

ಮಿಸ್ ದೋಣಿ ಕಟ್ಟುವ ಕಲ್ಲಿನ ಮೇಲೆ ಕೂತಿದ್ದರು, ಬೆನ್ನು ತೆಂಗಿನಮರಕ್ಕೆ ಒರಗಿತ್ತು. ಮನೆಗೆ ಬೀಗ ಹಾಕಿ ಬಂದಿದ್ದರು. ಪಕ್ಕದಲ್ಲಿ ಚೀಲ, ಅದರಲ್ಲಿ ಎರಡು ಸೀರೆ, ಮಾತ್ರೆ, ಕನ್ನಡಕ. ಕೊಡೆ ಕೈಯಿಂದ ಜಾರಿ ನೀರಿನ ಅಂಚಿಗೆ ಬಿದ್ದಿತ್ತು. ಬಿದಿರಿಗೆ ಕೆಂಪು ಸೀರೆ ಕಟ್ಟಿಯೇ ಇತ್ತು. ಮಳೆಗೆ ನೆನೆದು, ಗಾಳಿಗೆ ತಿರುಚಿಕೊಂಡು, ಬಿದಿರಿಗೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಬೆಳಿಗ್ಗೆಯಿಂದ ಅಲ್ಲೇ ಕೂತಿದ್ದರು ಎಂದು ಕಾಣುತ್ತದೆ, ಸೊಪ್ಪಿನವಳು ತಿರುಗಿ ನೋಡುವವರೆಗೂ ಹಿಂದೆ ನಡೆಯುತ್ತಿದ್ದವರಲ್ಲವೇ. “ಒಂದು ಸಲ ಕೂಗಿದ್ರೆ ಸಾಕಿತ್ತು ಸರ್, ಒಂದೇ ಒಂದು ಸಲ” ಎಂದು ದೋಣಿಯವರು ಹುಟ್ಟು ನಿಲ್ಲಿಸಿ ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ದೋಣಿ ಸ್ವಲ್ಪ ಹೊತ್ತು ತನ್ನಷ್ಟಕ್ಕೆ ತೇಲಿತು.

ನನ್ನನ್ನು ಇಳಿಸಿ, ಬೇರೆ ಕಡೆ ಜನ ಕಾಯುತ್ತಿದ್ದಾರೆ, ಕೆಲಸ ಮುಗಿದ ಮೇಲೆ ಒಂದು ಕೂಗು ಹಾಕಿ ಎಂದು ಹೇಳಿ ಅವರು ವಾಪಸ್ಸು ಹೋದರು.

ಮನೆಯಲ್ಲಿ ನೋಡುವಂಥದ್ದು ಹೆಚ್ಚೇನೂ ಇರಲಿಲ್ಲ. ತೊಳೆದು ಬೋರಲು ಹಾಕಿದ ಪಾತ್ರೆ, ಮಡಿಸಿದ ಹಾಸಿಗೆ, ಗೋಡೆಗೆ ಶಾಲೆಯಿಂದ ನಾವು ಬೀಳ್ಕೊಡುಗೆಗೆ ಕೊಟ್ಟ ಕರ್ನಾಟಕದ ನಕ್ಷೆ. ಪಾತ್ರೆಗಳನ್ನು ಅಜ್ಜಿಗೆ ಕೊಡುವಂತೆ ಒಂದು ಕಡೆ ಇಟ್ಟು, ನಕ್ಷೆಯನ್ನು ಸುತ್ತಿ ಕೈಯಲ್ಲಿ ಹಿಡಿದುಕೊಂಡು ನೀರಿನ ಅಂಚಿಗೆ ಬಂದೆ. ಬಿದಿರಿನ ಸೀರೆಯನ್ನು ಯಾರೋ ಬಿಚ್ಚಿದ್ದರು. ಕಲ್ಲಿನ ಮೇಲೆ ಕೂತೆ.

ಮತ್ತೆ ಅದೇ ನಿಶ್ಶಬ್ದ. ಜನವರಿಯಲ್ಲಿ ನಾನು ಮೈಮರೆತದ್ದು. ನದಿ ಹರಿಯುತ್ತಿದ್ದರೂ ಸದ್ದಿಲ್ಲ, ಎಲೆ ಅಲ್ಲಾಡುತ್ತಿಲ್ಲ, ಒಂದು ಬೆಳ್ಳಕ್ಕಿ ಒಂದೇ ಕಾಲಿನ ಮೇಲೆ ನಿಂತಿತ್ತು. ಎಷ್ಟು ಹಿತವಾಗಿತ್ತು ಎಂದರೆ ನನಗೆ ಹೆದರಿಕೆಯಾಯಿತು. ಕೂಗಬೇಕು ಎಂದು ಎದ್ದು ನಿಂತೆ, ಬಾಯಿ ತೆರೆದೆ. ಮೂವತ್ತು ವರ್ಷ ಮೈದಾನದಲ್ಲಿ ಅರಚಿದ ನನಗೆ ಸದ್ದು ಹೊರಡಲಿಲ್ಲ. ಇಷ್ಟು ಚೆಂದದ್ದನ್ನು ಯಾಕೆ ಹರಿಯಬೇಕು, ಇನ್ನೂ ಸ್ವಲ್ಪ ಹೊತ್ತು ಕೂತಿರೋಣ, ಅವರು ನೋಡಿಯೇ ನೋಡುತ್ತಾರೆ, ಅವರಾಗಿಯೇ ಬರುತ್ತಾರೆ ಎಂದು ಒಳಗಿನಿಂದ ಯಾರೋ ಮೆತ್ತಗೆ ಹೇಳಿದ ಹಾಗಾಯಿತು. ಕೂತೆ. ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಮೋಡ ಕವಿದು ಆಚೆ ದಡ ಮಸುಕಾಗುತ್ತಾ ಬಂತು. ಮಾಡು ಕಾಣದಾಯಿತು. ನೀರು ಒಂದು ಮೆಟ್ಟಿಲು ಮೇಲೆ ಬಂದಿತ್ತು.

ಅದನ್ನು ನೋಡಿದಾಗ ನನಗೆ ಅವರ ಮೇಲೆ ಕೋಪ ಬಂತು, ಅವರ ಅಪ್ಪನ ಮೇಲೆ ಅದಕ್ಕಿಂತ ಹೆಚ್ಚು ಕೋಪ ಬಂತು. ಎದ್ದು, ನಕ್ಷೆಯನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ಹೊಟ್ಟೆಯಿಂದ ಉಸಿರು ತೆಗೆದುಕೊಂಡು ಕೂಗಿದೆ.

“ಓ... ದೋಣೀ...”

ಬೆಳ್ಳಕ್ಕಿ ಹಾರಿಹೋಯಿತು. ನನ್ನ ಕೂಗು ಆಚೆ ದಡ ಮುಟ್ಟಿತೋ ಇಲ್ಲವೋ ಅನ್ನುವಷ್ಟರಲ್ಲೇ, ಆ ಮಬ್ಬಿನೊಳಗಿನಿಂದ, ಪಕ್ಕದ ಮನೆಯಿಂದ ಬಂದಷ್ಟು ಸ್ಪಷ್ಟವಾಗಿ ಉತ್ತರ ಬಂತು.

“ಬಂದೇ...”